ಹತಾರದ ಕಾಯಿದೆ: ದಂಡನೆ ಮತ್ತು ದಯೆ

ಉತ್ತರ ಕರ್ನಾಟಕದ ಆಡುಮಾತಿನಲ್ಲಿ ‘ಹತಾರ’ ಎಂಬ ಶಬ್ದವೊಂದಿದೆ. ಹಿಂದುಸ್ತಾನಿಯ ‘ಹಥಿಯಾರ್’ ಎಂಬುದು ಕನ್ನಡಿಗರ ನಾಲಗೆಯ ಮೇಲೆ ಸವೆದು ಈ ರೂಪವನ್ನು ತಾಳಿತು. ಬಡಿಗನ ಉಳಿ-ಬಾಚಿಗಳು ಹತಾರ. ಕಮ್ಮಾರನ ಸುತ್ತಿಗೆ-ಇಕ್ಕಳಗಳು ಹತಾರ. ಕಾಳಗಕ್ಕೆ ಹೊರಟವನ ಕತ್ತಿ-ಬಂದೂಕುಗಳೂ ಹತಾರವೇ. ದುಡಿಯುವ ಸಾಧನಕ್ಕೂ ಹೊಡೆಯುವ ಸಾಧನಕ್ಕೂ ಒಂದೇ ಹೆಸರನ್ನಿಟ್ಟ ಜನ ಇವೆರಡರ ನಡುವಣ ವ್ಯತ್ಯಾಸವನ್ನು ತಿಳಿಯದವರೇನಲ್ಲ. ಆದರೆ ಆ ವ್ಯತ್ಯಾಸವನ್ನು ಸರ್ಕಾರ ಗೊತ್ತುಮಾಡಬೇಕೆಂದು ಅವರಿಗೆ ತೋರಿರಲಿಲ್ಲ. ಹತಾರ ಹಿಡಿದವನೇ ಅದನ್ನು ಬಲ್ಲನೆಂದು ಅವರ ತಿಳಿವಳಿಕೆ. ಆ ತಿಳಿವಳಿಕೆಯ ಮೇಲೆ ಕಾಯಿದೆಯೊಂದು ಬಂದು ಬಿದ್ದಾಗ ಏನಾಯಿತು, ಯಾರಿಗೆ ದಂಡನೆಯಾಯಿತು, ಯಾರಿಗೆ ದಯೆ ದೊರೆಯಿತು ಎಂಬುದನ್ನು ಹೇಳುವುದು ಈ ಭಾಷಣದ ಉದ್ದೇಶ.

1857ರ ಮೇ ತಿಂಗಳಿನಲ್ಲಿ ಮೀರತ್ತಿನಲ್ಲಿ ಹೊತ್ತಿಕೊಂಡ ಕಿಚ್ಚು ದಿಲ್ಲಿ, ಕಾನಪುರ, ಲಖನೌಗಳನ್ನು ವ್ಯಾಪಿಸಿತು. ಆಗ ಕಲಕತ್ತೆಯ ಸರ್ಕಾರಕ್ಕೆ ಒಂದು ಸಂಗತಿ ಸ್ಪಷ್ಟವಾಯಿತು. ದಂಗೆಯೆದ್ದ ಸಿಪಾಯಿಗಳ ಕೈಯಲ್ಲಿದ್ದ ಬಂದೂಕು ಸರ್ಕಾರವೇ ಕೊಟ್ಟದ್ದು. ಅದರ ಲೆಕ್ಕ ಸರ್ಕಾರದ ಬಳಿ ಇತ್ತು. ಹಳ್ಳಿಗಳಲ್ಲಿ, ವಾಡೆಗಳಲ್ಲಿ, ಗುಡ್ಡಗಾಡುಗಳಲ್ಲಿ ಜನರ ಬಳಿ ಎಷ್ಟು ಆಯುಧಗಳಿವೆಯೆಂಬುದರ ಲೆಕ್ಕ ಮಾತ್ರ ಯಾರ ಬಳಿಯೂ ಇರಲಿಲ್ಲ. ಅದೇ ವರ್ಷದ ಸೆಪ್ಟೆಂಬರಿನಲ್ಲಿ 28ನೆಯ ಕಾಯಿದೆ ಹೊರಟಿತು. ಆಯುಧಗಳನ್ನು ತರಿಸುವುದು, ತಯಾರಿಸುವುದು, ಮಾರುವುದು ಇವುಗಳ ಮೇಲೆಲ್ಲ ಅದು ಕಟ್ಟುಪಾಡು ಹಾಕಿತು. ಅವನ್ನು ಇಟ್ಟುಕೊಳ್ಳುವ ಹಕ್ಕನ್ನೂ ಸರ್ಕಾರದ ಹತೋಟಿಗೆ ತಂದಿತು. ಜನರ ಬಾಯಲ್ಲಿ ಇದು ನಿಶ್ಶಸ್ತ್ರೀಕರಣದ ಕಾಯಿದೆಯಾಯಿತು. ಅದುವರೆಗೆ ಮನೆಯ ಗೂಟಕ್ಕೆ ನೇತುಬಿದ್ದಿದ್ದ ವಸ್ತು ಒಂದು ಬೆಳಗಾಗುವುದರೊಳಗೆ ಅಪರಾಧದ ಸಾಕ್ಷ್ಯವಾಗಿ ಮಾರ್ಪಟ್ಟಿತು.

ಹಲಗಲಿಯು ಇಂದು ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲ್ಲೂಕಿಗೆ ಸೇರಿದ ಹಳ್ಳಿ. ಆಗ ಅದು ಘೋರ್ಪಡೆ ಮನೆತನದ ಮುಧೋಳ ಸಂಸ್ಥಾನಕ್ಕೆ ಒಳಪಟ್ಟಿತ್ತು. ಅಲ್ಲಿಯ ಬೇಡರು ಬೇಟೆಯಿಂದಲೂ ಕಾವಲಿನಿಂದಲೂ ಬದುಕಿದವರು. ಕರೆಬಂದಾಗ ಅರಸರ ದಂಡಿಗೆ ಸೇರಿದವರು. ಆಯುಧಗಳನ್ನು ತಂದೊಪ್ಪಿಸಬೇಕೆಂಬ ಆಜ್ಞೆ 1857ರ ನವೆಂಬರಿನಲ್ಲಿ ಅವರನ್ನು ಮುಟ್ಟಿತು. ಅವರು ಒಪ್ಪಲಿಲ್ಲ. ಸಂಸ್ಥಾನದ ಕಾರಭಾರಿಗಳು ನಯದಿಂದ ಹೇಳಿ ನೋಡಿದರು, ಭಯದಿಂದ ಹೇಳಿ ನೋಡಿದರು. ಪೂಜೇರಿ ಹನುಮ, ಜಡಗ, ಬಾಲ, ರಾಮ ಎಂಬ ನಾಲ್ವರು ಮುಂದಾಳುಗಳಾಗಿ ನಿಂತರು. ನೆರೆಯ ಊರುಗಳ ಬೇಡರೂ ಬಂದು ಕೂಡಿಕೊಂಡರು. ಕರ್ನಲ್ ಮಾಲ್ಕಮನ ದಂಡು ನವೆಂಬರ್ 29ರ ರಾತ್ರಿ ಹಲಗಲಿಯನ್ನು ತಲುಪಿತು. ಮರುದಿನ ಊರಿಗೆ ಬೆಂಕಿ ಬಿತ್ತು. ಕಾಳಗದಲ್ಲಿ ನೂರರಷ್ಟು ಜನ ಸತ್ತರೆಂದೂ ಸುಮಾರು 290 ಮಂದಿ ಸೆರೆಯಾದರೆಂದೂ ಹೇಳುತ್ತಾರೆ. ವಿಚಾರಣೆ ಎನ್ನಬಹುದಾದದ್ದೇನಾದರೂ ನಡೆದಿದ್ದರೆ ಅದಕ್ಕೆ ಹಿಡಿದ ಕಾಲ ಎರಡು ವಾರಗಳಿಗಿಂತ ಕಡಮೆ. ಡಿಸೆಂಬರ್ 11ರಂದು ಮುಧೋಳದಲ್ಲಿ, ಸಂತೆಗೆ ನೆರೆದ ಜನರ ಕಣ್ಣೆದುರಿನಲ್ಲಿ, 13 ಮಂದಿಯನ್ನು ಗಲ್ಲಿಗೇರಿಸಿದರು. ಮೂರು ದಿನಗಳ ಬಳಿಕ ಉಳಿದ ಆರು ಮಂದಿಯನ್ನು ಹಲಗಲಿಯಲ್ಲೇ, ಅವರವರ ಮನೆಯವರ ಕಣ್ಣೆದುರಿಗೆ, ನೇಣಿಗೆ ಹಾಕಿದರು.

ಈ ಸಂಗತಿಯನ್ನು ಕನ್ನಡಿಗರು ನೆನಪಿಟ್ಟುಕೊಂಡದ್ದು ಸರ್ಕಾರಿ ವರದಿಗಳ ಮೂಲಕವಲ್ಲ, ಒಂದು ಲಾವಣಿಯ ಮೂಲಕ. ಕುರ್ತಕೋಟಿಯ ಕಲ್ಮೇಶ್ವರನ ಅಂಕಿತವುಳ್ಳ ಆ ಲಾವಣಿಯನ್ನು ಬರೆದುಕೊಂಡು ಅಚ್ಚುಹಾಕಿಸಿದವನು ಜಾನ್ ಫೇತ್‌ಫುಲ್ ಫ್ಲೀಟ್. ನಮ್ಮ ಶಾಸನಗಳಿಗಾಗಿ ಆಯುಷ್ಯವನ್ನು ಸವೆಸಿದ ಈ ವಿದ್ವಾಂಸ ಮುಂಬಯಿ ಇಲಾಖೆಯ ನಾಗರಿಕ ಸೇವೆಯಲ್ಲಿದ್ದವನು. ಎಂದರೆ, ಹಲಗಲಿಯನ್ನು ಸುಟ್ಟ ಸರ್ಕಾರದ ಅಧಿಕಾರಿ. 1885ರಿಂದ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಅವನು ಪ್ರಕಟಿಸಿದ ಕನ್ನಡ ಲಾವಣಿಗಳ ಮಾಲೆಯಲ್ಲಿ ಸಂಗೊಳ್ಳಿ ರಾಯಣ್ಣನ ಹಾಡೂ ಇದೆ, ಹಲಗಲಿಯ ಹಾಡೂ ಇದೆ. ಗಲ್ಲಿಗೇರಿದವರ ಹಾಡನ್ನು ಗಲ್ಲಿಗೇರಿಸಿದವರ ಕಡೆಯವನೊಬ್ಬ ಉಳಿಸಿಕೊಟ್ಟನೆಂಬುದನ್ನು ನಾವು ಕೃತಜ್ಞತೆಯಿಂದಲೇ ಒಪ್ಪಿಕೊಳ್ಳಬೇಕು.

ಆ ಲಾವಣಿಯನ್ನು ತರಗತಿಯಲ್ಲಿ ಪಾಠ ಹೇಳುವಾಗಲೆಲ್ಲ ನನ್ನನ್ನು ತಡೆದು ನಿಲ್ಲಿಸುತ್ತಿದ್ದುದು ಕಾಳಗದ ವರ್ಣನೆಯಲ್ಲ. ಕುದುರೆಗಳು, ಗುಂಡುಗಳು, ಮುರಿದು ಬೀಳುವ ವೀರರು ನಮ್ಮ ವೀರಗೀತೆಗಳಿಗೆಲ್ಲ ಸಾಮಾನ್ಯವಾದ ಸಾಮಗ್ರಿ. ಕೊನೆಯಲ್ಲಿ ಊರನ್ನು ಸೂರೆಮಾಡಿದ ಭಾಗ ಬರುತ್ತದೆ. ಅಲ್ಲಿ ಲಾವಣಿಕಾರ ದಂಡಿನವರು ಒಯ್ದ ವಸ್ತುಗಳನ್ನು ಒಂದೊಂದಾಗಿ ಎಣಿಸುತ್ತಾನೆ. ಕೊಡಲಿ, ನೇಗಿಲಿನ ಕುಡ, ಹಾಲು, ಬೆಣ್ಣೆ, ಅರಿಸಿನ, ಜೀರಿಗೆ, ಬೆಲ್ಲ, ಊಟದ ಗಂಗಾಳ, ಹಿಟ್ಟು ಬೀಸುವ ಕಲ್ಲು. ಇವುಗಳ ನಡುವೆಯೇ ಹೆಂಗಸರ ಮಂಗಳಸೂತ್ರ. ಬಂದೂಕನ್ನು ಕಸಿದುಕೊಳ್ಳಲು ಬಂದವರು ಬೀಸುವ ಕಲ್ಲನ್ನೂ ಬಿಡಲಿಲ್ಲ. ಬೇಡರು ‘ಹತಾರ’ ಕೊಡಲಾರೆವೆಂದಾಗ ಅವರ ಮನಸ್ಸಿನಲ್ಲಿದ್ದ ಅಂಜಿಕೆ ಯಾವುದೆಂಬುದು ಈ ಪಟ್ಟಿಯಿಂದ ತಿಳಿಯುತ್ತದೆ. ಹತಾರ ಹೋದ ಮನೆಯಲ್ಲಿ ಮತ್ತೇನೂ ಉಳಿಯುವುದಿಲ್ಲವೆಂದು ಅವರು ಎಣಿಸಿದ್ದರು. ಆ ಎಣಿಕೆ ತಪ್ಪಾಗಲಿಲ್ಲ.

ಕಾನೂನು ಬಲ್ಲವರು ಇಲ್ಲೊಂದು ಆಕ್ಷೇಪವನ್ನೆತ್ತಬಹುದು. ಆ 19 ಮಂದಿಗೆ ಗಲ್ಲಾದದ್ದು ಆಯುಧವನ್ನು ಇಟ್ಟುಕೊಂಡದ್ದಕ್ಕಲ್ಲ, ಸರ್ಕಾರದ ದಂಡಿನ ಮೇಲೆ ಅದನ್ನು ಎತ್ತಿದ್ದಕ್ಕೆ. ಆದ್ದರಿಂದ ಆಯುಧ ಕಾಯಿದೆಯ ದಂಡನೆಗೆ ಹಲಗಲಿಯನ್ನು ಉದಾಹರಣೆಯಾಗಿ ಕೊಡುವುದು ಸಲ್ಲದು ಎಂದು. ಮಾತು ಸರಿಯಾದದ್ದೇ. ಇಟ್ಟುಕೊಳ್ಳುವುದು ಒಂದು ಅಪರಾಧ, ಎತ್ತುವುದು ಇನ್ನೊಂದು. ಆದರೆ ಇಟ್ಟುಕೊಳ್ಳುವುದನ್ನು ಅಪರಾಧವೆಂದು ಸಾರದಿದ್ದರೆ ಆ ನವೆಂಬರಿನಲ್ಲಿ ಹಲಗಲಿಯ ಬೇಡರು ಅದನ್ನು ಎತ್ತುವ ಪ್ರಸಂಗವೇ ಬರುತ್ತಿರಲಿಲ್ಲ. ಮೊದಲನೆಯ ಅಪರಾಧವನ್ನು ಸೃಷ್ಟಿಸಿದ ಕಾಯಿದೆಯೇ ಎರಡನೆಯದಕ್ಕೂ ದಾರಿ ಮಾಡಿತು. ಮರುವರ್ಷ ಹಮ್ಮಿಗಿಯ ಕೆಂಚನಗೌಡ, ಮುಂಡರಗಿಯ ಭೀಮರಾಯ ಇವರು ಎದ್ದದ್ದೂ, ನರಗುಂದದ ಬಾಬಾಸಾಹೇಬ 1858ರ ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿದ್ದೂ ಇದೇ ಕಾಲದ ಸಂಗತಿಗಳು. ಆ ಕಥೆಗಳಿಗೆ ಬೇರೆ ಕಾರಣಗಳೂ ಇವೆ. ದತ್ತಕದ ಪ್ರಶ್ನೆ ಅವುಗಳಲ್ಲೊಂದು. ಇಲ್ಲಿ ಅವನ್ನು ಬಿಡಿಸುತ್ತ ಕೂರಲು ಅವಕಾಶವಿಲ್ಲ.

ದಯೆಯ ಮಾತಿಗೆ ಬರೋಣ. ಅದೇ 1858ರಲ್ಲಿ ಬೇಡರ ಇನ್ನೊಂದು ನೆಲೆಯಾದ ಸುರಪುರವೂ ಬಿದ್ದಿತು. ಅದು ಹಳ್ಳಿಯಲ್ಲ, ಸಂಸ್ಥಾನ. ಸೆರೆಯಾದವನು ಅರಸ, ವೆಂಕಟಪ್ಪನಾಯಕ. ಬಾಲ್ಯದಲ್ಲಿ ಅವನ ಪೋಷಣೆಯ ಹೊಣೆ ಹೊತ್ತಿದ್ದ ಮೆಡೋಸ್ ಟೇಲರ್ ತನ್ನ ಆತ್ಮಕಥೆಯಲ್ಲಿ ಅವನ ಕೊನೆಯನ್ನು ಬರೆದಿಟ್ಟಿದ್ದಾನೆ. ವೆಂಕಟಪ್ಪನಾಯಕ ಟೇಲರನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದ. ಸೈನಿಕ ನ್ಯಾಯಾಲಯ ಅವನಿಗೆ ಮರಣದಂಡನೆ ವಿಧಿಸಿತು. ಹೈದರಾಬಾದಿನ ರೆಸಿಡೆಂಟ ಅದನ್ನು ಜೀವಾವಧಿ ಗಡೀಪಾರಿಗೆ ಇಳಿಸಿದ. ಗವರ್ನರ್-ಜನರಲ್ ಅದನ್ನು ಮತ್ತೂ ಇಳಿಸಿ, ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷಗಳ ಸೆರೆಯೆಂದು ಗೊತ್ತುಮಾಡಿದ; ಯೋಗ್ಯವಾಗಿ ನಡೆದುಕೊಂಡರೆ ರಾಜ್ಯವನ್ನು ಹಿಂದಕ್ಕೆ ಕೊಡುವ ಆಸೆಯನ್ನೂ ತೋರಿಸಿದ. ಇಷ್ಟು ದಯೆಯನ್ನು ಹೊತ್ತು ಪಯಣ ಹೊರಟ ಅರಸ ದಾರಿಯ ಬಿಡಾರದಲ್ಲಿ ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ಗುಂಡು ತಾಗಿ ಸತ್ತ. ತಾನೇ ಹೊಡೆದುಕೊಂಡನೆಂದು ಟೇಲರನ ಬರಹ. ಅರಸನ ಶಿಕ್ಷೆ ಎರಡು ಮೆಟ್ಟಿಲು ಇಳಿಯಿತು. ಹಲಗಲಿಯವರದು ಒಂದು ಮೆಟ್ಟಿಲೂ ಇಳಿಯಲಿಲ್ಲ. ಇಳಿಸೆಂದು ಬರೆಯುವ ಟೇಲರ್ ಒಬ್ಬ ಅವರಿಗೆ ಇರಲಿಲ್ಲ. ಬರೆದರೂ ಆ ಎರಡು ವಾರಗಳಲ್ಲಿ ಪತ್ರ ಎಲ್ಲಿಯವರೆಗೆ ಹೋಗಿಬರುತ್ತಿತ್ತು?

ಮುಧೋಳದ ಗಲ್ಲಿನಿಂದ ಮೂರು ವರ್ಷ ಎರಡೂವರೆ ತಿಂಗಳು ಕಳೆದಿರಬಹುದು. ಕನ್ನಡ ನಾಡಿನ ಇನ್ನೊಂದು ಅಂಚಿನಲ್ಲಿ, ಕೊಡಗಿನಲ್ಲಿ, ಇದೇ ಕಾಯಿದೆಗೆ ಸಂಬಂಧಿಸಿದ ಬೇರೊಂದು ಕಾಗದ ಹೊರಟಿತು. ಮೈಸೂರು ಮತ್ತು ಕೊಡಗುಗಳ ಕಮಿಷನರನಾಗಿದ್ದ ಮಾರ್ಕ್ ಕಬ್ಬನ್ 1861ರ ಫೆಬ್ರವರಿ 26ರಂದು ಒಂದು ಪ್ರಕಟಣೆಯನ್ನು ಕೊಟ್ಟ. ಕೊಡವರ ಮಾನ, ನಿಷ್ಠೆ, ಬುದ್ಧಿವಂತಿಕೆಗಳನ್ನು ಹೊಗಳಿ, ಅವರು ಸರ್ಕಾರಕ್ಕೆ ಸಲ್ಲಿಸಿದ ಸೇವೆಯನ್ನು ನೆನೆದು, ನಿಶ್ಶಸ್ತ್ರೀಕರಣದ ಕಾಯಿದೆ ಅವರಿಗೆ ಅನ್ವಯಿಸುವುದಿಲ್ಲವೆಂದು ಅದರಲ್ಲಿ ಸಾರಿದ. ಕಬ್ಬನ್ನನಿಗೆ ಆಗ ಇಳಿವಯಸ್ಸು. ಅದೇ ವರ್ಷ ಸ್ವದೇಶಕ್ಕೆ ಹಿಂದಿರುಗುವ ದಾರಿಯಲ್ಲಿ ಸೂಯೆಜಿನಲ್ಲಿ ತೀರಿಕೊಂಡ. ಅವನು ಬಿಟ್ಟುಹೋದ ಕಾಗದಗಳಲ್ಲಿ ಇಷ್ಟು ದೀರ್ಘಾಯುಸ್ಸು ಪಡೆದದ್ದು ಮತ್ತೊಂದು ಇರಲಾರದು.

ಆ ಸೇವೆ ಯಾವುದು? 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕುಂಪಣಿ ಕೊಡಗನ್ನು ತೆಗೆದುಕೊಂಡಿತು. ಮೂರು ವರ್ಷಗಳ ಬಳಿಕ, 1837ರಲ್ಲಿ, ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಅಮರ ಸುಳ್ಯದ ರೈತರು ದಂಗೆಯೆದ್ದು ಮಂಗಳೂರಿನವರೆಗೆ ನಡೆದರು. ಕೊಡಗಿನ ದಿವಾನರೂ ಅವರೊಡನಿದ್ದ ಕೊಡವರೂ ಆಗ ಸರ್ಕಾರದ ಪಕ್ಷದಲ್ಲಿ ನಿಂತು ದಂಗೆಯನ್ನು ಅಡಗಿಸಲು ನೆರವಾದರು. ಅವರಿಗಾಗಿ ಬಂಗಾರದ, ಬೆಳ್ಳಿಯ ಪದಕಗಳನ್ನು ವಿಶೇಷವಾಗಿ ಮಾಡಿಸಿ ಹಂಚಿದರು. ಅದೇ ವರ್ಷದ ಅಕ್ಟೋಬರ್ 31ರಂದು ಗುಡ್ಡೆಮನೆ ಅಪ್ಪಯ್ಯಗೌಡನನ್ನು ಮಡಿಕೇರಿಯ ಕೋಟೆಯಲ್ಲಿ ಗಲ್ಲಿಗೇರಿಸಿದರು. ಹೀಗಾಗಿ ಕೊಡಗಿನ ಚರಿತ್ರೆಯಲ್ಲಿ ಪದಕವೂ ಇದೆ, ನೇಣೂ ಇದೆ. ಇದನ್ನು ಹೇಳುವುದು ಇಂದಿನ ಯಾರನ್ನೂ ನೋಯಿಸುವುದಕ್ಕಲ್ಲ. ಅಂದು ಯಾರು ಯಾವ ಪಕ್ಷದಲ್ಲಿ ನಿಂತರೆಂಬುದಕ್ಕೆ ಅಂದಿನ ಕಾರಣಗಳಿದ್ದವು. ನೂರೆಂಬತ್ತು ವರ್ಷಗಳ ಬಳಿಕ ಕುಳಿತು ಅಂಕ ಹಾಕುವುದು ಅಧ್ಯಾಪಕನಾಗಿದ್ದವನ ದುರಭ್ಯಾಸ.

ಕೊಡವರಿಗೆ ಕೋವಿ ಸಿಕ್ಕಿದ್ದು ಕಬ್ಬನ್ನನಿಂದಲ್ಲವೆಂಬುದನ್ನೂ ಹೇಳಬೇಕು. ಗಂಡುಮಗು ಹುಟ್ಟಿದರೆ ಒಂದು ಈಡು, ಮನೆಯಲ್ಲಿ ಸಾವಾದರೆ ಎರಡು ಈಡು. ಪುತ್ತರಿಯಲ್ಲಿ ಕದಿರು ಕೊಯ್ಯುವ ಮುಹೂರ್ತಕ್ಕೆ ಈಡು. ನಾಟಿಯ ಕೆಲಸ ಮುಗಿದ ಮೇಲೆ, ಸೆಪ್ಟೆಂಬರ್ ಮೊದಲಲ್ಲಿ ಬರುವ ಕೈಲ್ ಮುಹೂರ್ತದಂದು ಕೋವಿ-ಕತ್ತಿಗಳನ್ನು ತೊಳೆದು ತೋಕ್‌ಪೂವಿಟ್ಟು ಪೂಜಿಸುತ್ತಾರೆ. ಅದೇ ದಿನ ಉಳುವ ಸಾಧನಗಳಿಗೂ ಎತ್ತುಗಳಿಗೂ ಪೂಜೆ ಸಲ್ಲುತ್ತದೆ. ಮುಧೋಳದ ಕಡೆಯವರು ಶಬ್ದದಲ್ಲಿ ಕೂಡಿಸಿದ್ದನ್ನು ಇವರು ಹಬ್ಬದಲ್ಲಿ ಕೂಡಿಸಿದ್ದಾರೆ. ಸರ್ಕಾರದ ಕಾಗದ ಈ ಆಚಾರವನ್ನು ಕಂಡು ಹೊರಟದ್ದಲ್ಲ, ನಿಷ್ಠೆಯನ್ನು ಕಂಡು ಹೊರಟದ್ದು. ಆಚಾರವನ್ನೇ ನೋಡಿ ವಿನಾಯಿತಿ ಕೊಡುವುದಾಗಿದ್ದರೆ ಹಲಗಲಿಗೂ ಕೊಡಬೇಕಾಗುತ್ತಿತ್ತು. ಅಂದಿನ ದಯೆ ಬಹುಮಾನವಾಗಿತ್ತು. ಬಹುಮಾನ ಕೊಡುವವನಿಗೆ ಪಂದ್ಯದ ನಿಯಮಗಳನ್ನು ಬರೆಯುವ ಅಧಿಕಾರವೂ ಇರುತ್ತದೆ.

1857ರದ್ದು ಆಪತ್ಕಾಲದ ಕಾಯಿದೆ. ಆಪತ್ತು ಕಳೆದ ಮೇಲೆ 1860ರಲ್ಲಿ ಅದರ ಜಾಗಕ್ಕೆ ಮತ್ತೊಂದು ಬಂತು. ಎಲ್ಲಕ್ಕಿಂತ ಗಟ್ಟಿಯಾಗಿ ನೆಲೆಯೂರಿದ್ದು 1878ರಲ್ಲಿ, ಲಾರ್ಡ್ ಲಿಟನ್ನನ ಕಾಲದಲ್ಲಿ ಬಂದ 11ನೆಯ ಕಾಯಿದೆ. ದೇಶಭಾಷೆಗಳ ಪತ್ರಿಕೆಗಳ ಬಾಯಿ ಕಟ್ಟುವ ಕಾಯಿದೆಯೂ ಅದೇ ವರ್ಷದ್ದೇ. ಲಿಟನ್ ಸ್ವತಃ ಕವಿ; ಕವಿಯೊಬ್ಬನ ಆಳ್ವಿಕೆಯಲ್ಲಿ ಭಾರತೀಯನ ಕೈಗೂ ಬಾಯಿಗೂ ಒಂದೇ ವರ್ಷ ಬೀಗ ಬಿದ್ದಿತು. ಬಾಯಿಯ ಬೀಗವನ್ನು ಲಾರ್ಡ್ ರಿಪನ್ 1882ರಲ್ಲಿ ತೆಗೆಸಿದ. ಕೈಯದು ಹಾಗೆಯೇ ಉಳಿಯಿತು.

1878ರ ಕಾಯಿದೆಯಂತೆ ಪರವಾನಗಿಯಿಲ್ಲದೆ ಬಂದೂಕನ್ನು ಇಟ್ಟುಕೊಂಡವನಿಗೆ ಮೂರು ವರ್ಷಗಳವರೆಗೆ ಸೆರೆ ಅಥವಾ ಜುಲ್ಮಾನೆ ಅಥವಾ ಎರಡೂ. ಅಧಿಕಾರಿಗೆ ತಿಳಿಯಬಾರದೆಂದು ಬಚ್ಚಿಟ್ಟರೆ ಏಳು ವರ್ಷಗಳವರೆಗೆ. ‘ಮೂರು ವರ್ಷ’ ಎನ್ನುವುದಕ್ಕೂ ‘ಮೂರು ವರ್ಷಗಳವರೆಗೆ’ ಎನ್ನುವುದಕ್ಕೂ ಇರುವ ಅಂತರವನ್ನು ಭಾಷೆಯ ವಿದ್ಯಾರ್ಥಿಗಳು ಗಮನಿಸಬೇಕು. ‘ವರೆಗೆ’ ಎಂಬ ಅವ್ಯಯದ ಒಳಗೆ ನ್ಯಾಯಾಧೀಶನ ವಿವೇಚನೆಯೆಲ್ಲ ಅಡಗಿದೆ: ಒಂದು ದಿನವೂ ಆಗಬಹುದು, ಸಾವಿರ ದಿನವೂ ಆಗಬಹುದು. ಪರಕೀಯರ ಕಾಯಿದೆಯಾದರೂ ಶಿಕ್ಷೆಯ ತಳವನ್ನು ಅದು ತೆರೆದಿಟ್ಟಿತ್ತು. ಅದರ ನಿಜವಾದ ಕಾಠಿಣ್ಯ ಇದ್ದದ್ದು ಬೇರೆಡೆ. ಯುರೋಪಿಯನ್ನರಿಗೆ ಪರವಾನಗಿ ಬೇಕಾಗಿರಲಿಲ್ಲ. ಕಾಫಿ ತೋಟದ ದೊರೆಯ ಜೋಡುನಳಿಗೆಯ ಬಂದೂಕು ವಿನೋದದ ವಸ್ತು. ಅವನ ಆಳಿನ ಕೈಯಲ್ಲಿರುವ ಕೇಪಿನ ಕೋವಿ ಅಪರಾಧ. ಒಂದೇ ವಸ್ತು ಹಿಡಿದವನ ಮೈಬಣ್ಣದಿಂದ ತನ್ನ ಗುಣವನ್ನು ಬದಲಾಯಿಸಿಕೊಳ್ಳುತ್ತಿತ್ತು.

ಜನರನ್ನು ನೋಯಿಸಿದ್ದು ಸೆರೆಯ ಭಯಕ್ಕಿಂತ ಹೆಚ್ಚಾಗಿ ಈ ಅವಮಾನ. ಕಾಂಗ್ರೆಸ್ಸಿನ ಮೂರನೆಯ ಅಧಿವೇಶನ 1887ರಲ್ಲಿ ಮದರಾಸಿನಲ್ಲಿ ಸೇರಿದಾಗಲೇ ಆಯುಧ ಕಾಯಿದೆಯ ವಿರುದ್ಧ ನಿರ್ಣಯವಾಯಿತು. ಅಹಿಂಸೆಯ ಮಹಾಪುರುಷನೂ ಈ ವಿಷಯದಲ್ಲಿ ಸುಮ್ಮನಿರಲಿಲ್ಲ. 1918ರಲ್ಲಿ ಸೈನ್ಯಕ್ಕೆ ಜನರನ್ನು ಸೇರಿಸಲು ಹೊರಟಾಗ, ಇಡಿಯ ರಾಷ್ಟ್ರವನ್ನು ನಿರಾಯುಧಗೊಳಿಸಿದ ಕಾಯಿದೆಯನ್ನು ಬ್ರಿಟಿಷರ ಅಪಕೃತ್ಯಗಳಲ್ಲೇ ಅತ್ಯಂತ ಕರಾಳವಾದುದೆಂದು ತಮ್ಮ ಕರಪತ್ರದಲ್ಲಿ ಬರೆದುದಾಗಿ ಗಾಂಧೀಜಿ ಆತ್ಮಕಥೆಯಲ್ಲಿ ಹೇಳಿದ್ದಾರೆ. ದಂಡಿಗೆ ನಡೆಯುವ ಮುನ್ನ, 1930ರ ಜನವರಿಯಲ್ಲಿ, ವೈಸರಾಯರ ಮುಂದೆ ಅವರಿಟ್ಟ ಹನ್ನೊಂದು ಅಂಶಗಳಲ್ಲಿ ಉಪ್ಪಿನ ತೆರಿಗೆ ನಮಗೆಲ್ಲ ನೆನಪಿದೆ. ಹನ್ನೊಂದನೆಯದು ಆತ್ಮರಕ್ಷಣೆಗೆ ಬಂದೂಕಿನ ಪರವಾನಗಿಯನ್ನು ಕೊಡಬೇಕೆಂಬುದು. ಅದೂ ಜನರ ಹತೋಟಿಗೆ ಒಳಪಟ್ಟು. ಮರುವರ್ಷ ಕರಾಚಿಯ ಅಧಿವೇಶನ ಮೂಲಭೂತ ಹಕ್ಕುಗಳ ನಿರ್ಣಯದಲ್ಲಿ ಆಯುಧವನ್ನಿಟ್ಟುಕೊಳ್ಳುವ ಹಕ್ಕನ್ನು, ನಿಯಮಗಳಿಗೊಳಪಟ್ಟಂತೆ, ಸೇರಿಸಿತು. ಹೊಡೆಯಲಾರದವನ ಅಹಿಂಸೆಗೂ ಹೊಡೆಯದಿರುವವನ ಅಹಿಂಸೆಗೂ ಇರುವ ಭೇದ ಗಾಂಧೀಜಿಗಿಂತ ಚೆನ್ನಾಗಿ ಯಾರಿಗೆ ತಿಳಿದಿತ್ತು?

ಸ್ವಾತಂತ್ರ್ಯ ಬಂದ ಮೇಲೆ ಆ ಹಕ್ಕು ಏನಾಯಿತು? 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆ ನಾಗರಿಕ ಸ್ವಾತಂತ್ರ್ಯಗಳ ವಿಧಿಯನ್ನು ಚರ್ಚಿಸುತ್ತಿದ್ದಾಗ ಎಚ್. ವಿ. ಕಾಮತರು ಕರಾಚಿಯ ನಿರ್ಣಯವನ್ನು ನೆನಪಿಸಿ, ಆಯುಧವನ್ನಿಟ್ಟುಕೊಳ್ಳುವ ಹಕ್ಕನ್ನೂ ಅಲ್ಲಿ ಸೇರಿಸಬೇಕೆಂದು ತಿದ್ದುಪಡಿ ತಂದರು. ಕಾಮತರು ಮಂಗಳೂರಿನಲ್ಲಿ ಹುಟ್ಟಿದವರು, ಐ.ಸಿ.ಎಸ್. ಬಿಟ್ಟು ಸುಭಾಷರ ಬಳಿಗೆ ಹೋದವರು. ಡಾ. ಅಂಬೇಡ್ಕರರು ಒಪ್ಪಲಿಲ್ಲ. ಪ್ರತಿಯೊಬ್ಬನೂ ಮಾರುಕಟ್ಟೆಗೆ ಹೋಗಿ ತನಗೆ ಬೇಕಾದ ಆಯುಧವನ್ನು ತಡೆಯಿಲ್ಲದೆ ಕೊಳ್ಳುವ ಹಕ್ಕನ್ನು ಪಡೆದರೆ ರಾಜ್ಯ ನಡೆಯುವುದು ಹೇಗೆಂಬುದು ಅವರ ವಾದದ ತಿರುಳು. ದೇಶ ವಿಭಜನೆಯ ರಕ್ತ ಆಗಿನ್ನೂ ಒಣಗಿರಲಿಲ್ಲ. ಗಾಂಧೀಜಿ ಪಿಸ್ತೂಲಿನ ಗುಂಡಿಗೆ ಬಲಿಯಾಗಿ ವರ್ಷ ತುಂಬಿರಲಿಲ್ಲ. ತಿದ್ದುಪಡಿ ಬಿದ್ದುಹೋಯಿತು. ಕಾಮತರ ಮೇಲೆ ನನಗೆ ಗೌರವವಿದೆ. ಆದರೆ ಅಂಬೇಡ್ಕರರ ಮಾತೇ ಸರಿಯೆಂದು ತೋರುತ್ತದೆ. ಪರರ ಆಳ್ವಿಕೆಯಲ್ಲಿ ಮಾನದ ಪ್ರಶ್ನೆಯಾಗಿದ್ದದ್ದು ಸ್ವಂತ ಆಳ್ವಿಕೆಯಲ್ಲಿ ನೆರೆಯವನ ಪ್ರಾಣದ ಪ್ರಶ್ನೆಯಾಗುತ್ತದೆ.

ಲಿಟನ್ನನ ಕಾಯಿದೆ ಸ್ವತಂತ್ರ ಭಾರತದಲ್ಲೂ ಹಲವು ವರ್ಷ ಬಾಳಿತು. 1959ರ ಹೊಸ ಕಾಯಿದೆ 1962ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿತು. ಇದು ರೈತನನ್ನು ಪೂರ್ತಿ ಮರೆತಿಲ್ಲ. ಬೆಳೆಯ ರಕ್ಷಣೆಗಾಗಿ ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿಯನ್ನು ಕೇಳಿದರೆ ಪರವಾನಗಿ ‘ಕೊಡತಕ್ಕದ್ದು’ ಎಂದು ಹೇಳಿದೆ; ತಿರಸ್ಕರಿಸಲು ಕಾರಣಗಳು ಇರಬೇಕು. ಮಲೆನಾಡಿನ ಅಡಕೆ ತೋಟಗಳಲ್ಲಿ, ಗದ್ದೆಯ ಅಟ್ಟಣೆಗಳ ಮೇಲೆ ರಾತ್ರಿ ಕಾಯುವವರ ಕೈಯಲ್ಲಿ ಇಂಥ ಕೋವಿಗಳಿವೆ. ಚುನಾವಣೆ ಬಂತೆಂದರೆ ಅವನ್ನು ಹೊತ್ತು ಠಾಣೆಗೆ ಒಪ್ಪಿಸಿ, ಮತ ಎಣಿಕೆ ಮುಗಿದ ಮೇಲೆ ಹಿಂದಕ್ಕೆ ತರಬೇಕಾದ ಸಂಕಷ್ಟವನ್ನು ಆ ಕಡೆಯವರೆಲ್ಲ ಬಲ್ಲರು. ಕಾಡುಹಂದಿ ಚುನಾವಣೆಯ ವೇಳಾಪಟ್ಟಿಯನ್ನು ಓದುವುದಿಲ್ಲ.

ದಂಡನೆಯ ವಿಷಯದಲ್ಲಿ ಹೊಸ ಕಾಯಿದೆ ಕ್ರಮೇಣ ಹಳೆಯದಕ್ಕಿಂತ ಗಡುಸಾಗುತ್ತ ಬಂತೆಂಬುದು ವಿಚಿತ್ರವಾದರೂ ನಿಜ. ಶಿಕ್ಷೆಗೆ ಮೇಲಿನ ಮಿತಿಯಷ್ಟೇ ಅಲ್ಲ, ಕೆಳಗಿನ ಮಿತಿಯೂ ಬಂದಿತು. ಪಂಜಾಬಿನಲ್ಲಿ ಭಯೋತ್ಪಾದನೆ ಉರಿಯುತ್ತಿದ್ದ 1988ರಲ್ಲಿ ಮಾಡಿದ ತಿದ್ದುಪಡಿಯಂತೆ, ನಿಷೇಧಿತ ಆಯುಧದ ಬಳಕೆಯಿಂದ ಸಾವಾದರೆ ಮರಣದಂಡನೆಯೊಂದೇ ಶಿಕ್ಷೆ. ನ್ಯಾಯಾಧೀಶ ಬೇರೆ ಶಿಕ್ಷೆ ಕೊಡುವಂತಿಲ್ಲ. ಕಲಕತ್ತೆಯ ಪರಕೀಯ ಶಾಸನಕರ್ತರು ಸಹ ಆಯುಧ ಕಾಯಿದೆಯೊಳಗೆ ನೇಣನ್ನು ಬರೆದಿರಲಿಲ್ಲ. ನಾವು ಬರೆದೆವು. ಕೊಲ್ಲುವ ಉದ್ದೇಶವಿತ್ತೇ, ಕೈತಪ್ಪಿ ಆದದ್ದೇ ಎಂಬುದನ್ನು ನೋಡದೆ ಜೀವ ತೆಗೆಯುವ ಈ ಕಲಮು ಇಪ್ಪತ್ತಮೂರು ವರ್ಷ ಪುಸ್ತಕದಲ್ಲಿತ್ತು. 2012ರ ಫೆಬ್ರವರಿ 1ರಂದು ಸುಪ್ರೀಂ ಕೋರ್ಟು ಅದನ್ನು ಸಂವಿಧಾನಕ್ಕೆ ವಿರುದ್ಧವೆಂದು ತೆಗೆದುಹಾಕಿತು. ನ್ಯಾಯಾಧೀಶನ ವಿವೇಚನೆಯನ್ನು ಕಿತ್ತುಕೊಂಡು ನೇಣನ್ನೊಂದೇ ಅವನ ಕೈಗೆ ಕೊಡುವುದು ನ್ಯಾಯವಲ್ಲವೆಂಬುದು ಆ ತೀರ್ಪಿನ ಸಾರ.

ಸೆರೆವಾಸದ ಕೆಳಮಿತಿ ಮಾತ್ರ ಉಳಿದಿದೆ. ಹೆಸರಾಂತ ಹಿಂದಿ ಚಿತ್ರನಟರೊಬ್ಬರು 1993ರಲ್ಲಿ ಮನೆಯಲ್ಲಿ ನಿಷೇಧಿತ ಆಯುಧವನ್ನು ಇಟ್ಟುಕೊಂಡ ಮೊಕದ್ದಮೆ ಎಲ್ಲರಿಗೂ ತಿಳಿದದ್ದು. ಕೆಳಗಿನ ನ್ಯಾಯಾಲಯ ಆರು ವರ್ಷ ಕೊಟ್ಟಿತ್ತು. 2013ರಲ್ಲಿ ಸುಪ್ರೀಂ ಕೋರ್ಟು ಐದಕ್ಕೆ ಇಳಿಸಿತು. ಐದೇ ಅಂದಿನ ಕೆಳಮಿತಿ. ಅದಕ್ಕಿಂತ ಕೆಳಗೆ ಮೆಟ್ಟಿಲಿರಲಿಲ್ಲ. ಆಗ ಕ್ಷಮಾದಾನ ಕೊಡಬೇಕೆಂದು ಗಣ್ಯರು ಎತ್ತಿದ ದನಿಯನ್ನು ಪತ್ರಿಕೆಗಳಲ್ಲಿ ಓದುವಾಗ ನನಗೆ ಸುರಪುರದ ಅರಸನೂ ಹಲಗಲಿಯವರೂ ಒಟ್ಟಿಗೆ ನೆನಪಾದರು. ಆ ನಟರು ಶಿಕ್ಷೆಯನ್ನು ಅನುಭವಿಸಿ 2016ರಲ್ಲಿ ಹೊರಬಂದರು.

2019ರ ಡಿಸೆಂಬರಿನಲ್ಲಿ ಕಾಯಿದೆಗೆ ಮತ್ತೆ ತಿದ್ದುಪಡಿಯಾಯಿತು. ಒಬ್ಬನ ಬಳಿ ಮೂರು ಬಂದೂಕುಗಳು ಇರಬಹುದಾಗಿದ್ದಲ್ಲಿ ಎರಡೇ ಎಂದಾಯಿತು. ಮಸೂದೆಯಲ್ಲಿ ಒಂದೇ ಎಂದಿದ್ದುದನ್ನು ಆಕ್ಷೇಪಗಳು ಬಂದ ಬಳಿಕ ಎರಡು ಮಾಡಿದರು. ಮದುವೆ ಮೆರವಣಿಗೆಗಳಲ್ಲಿ ಪರರ ಪ್ರಾಣಕ್ಕೆ ಅಪಾಯವಾಗುವಂತೆ ಗುಂಡು ಹಾರಿಸಿದರೆ ಎರಡು ವರ್ಷಗಳವರೆಗೆ ಸೆರೆ, ಒಂದು ಲಕ್ಷ ರೂಪಾಯಿಗಳವರೆಗೆ ದಂಡ. ಪರವಾನಗಿಯಿಲ್ಲದ ಸಾಮಾನ್ಯ ಬಂದೂಕಿಗೆ ಒಂದರಿಂದ ಮೂರು ವರ್ಷಗಳಿದ್ದದ್ದು ಎರಡರಿಂದ ಐದು ವರ್ಷಗಳಾಯಿತು. ಆದರೆ ಇಲ್ಲಿ ಒಂದು ಕಿರುಬಾಗಿಲನ್ನು ಮುಚ್ಚದೆ ಬಿಟ್ಟಿದ್ದಾರೆ. ತಕ್ಕ ವಿಶೇಷ ಕಾರಣಗಳಿದ್ದರೆ ನ್ಯಾಯಾಲಯ ಅವನ್ನು ತೀರ್ಪಿನಲ್ಲಿ ಬರೆದಿಟ್ಟು ಎರಡು ವರ್ಷಕ್ಕಿಂತ ಕಡಮೆ ಶಿಕ್ಷೆಯನ್ನು ಕೊಡಬಹುದು. ತಾತನ ಕಾಲದ ತುಕ್ಕು ಹಿಡಿದ ಕೋವಿಯನ್ನು ಅಟ್ಟದಲ್ಲಿ ಮರೆತ ಮುದುಕನೂ, ಸುಲಿಗೆಗೆ ನಾಡಪಿಸ್ತೂಲು ಕೊಂಡ ತರುಣನೂ ಒಂದೇ ಕಲಮಿನ ಕೆಳಗೆ ಬಂದು ನಿಲ್ಲುವಾಗ ಅವರನ್ನು ಬೇರ್ಪಡಿಸಲು ಉಳಿದಿರುವುದು ಈ ಬಾಗಿಲೊಂದೇ. ಇದರಲ್ಲಿ ‘ಬರೆದಿಟ್ಟು’ ಎಂಬುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಕಬ್ಬನ್ನನೂ ಕಾರಣ ಬರೆದಿದ್ದ. ಅದು ಒಂದು ಜನದ ನಿಷ್ಠೆಯ ಕಾರಣ. ಇಂದಿನ ನ್ಯಾಯಾಧೀಶ ಬರೆಯಬೇಕಾದದ್ದು ಎದುರಿಗೆ ನಿಂತ ಒಬ್ಬ ಮನುಷ್ಯನ ಕಾರಣ, ಮೇಲಿನ ನ್ಯಾಯಾಲಯ ಓದಿ ಒಪ್ಪಬಹುದಾದ ಅಥವಾ ಹೊಡೆದುಹಾಕಬಹುದಾದ ಕಾರಣ.

ಕಬ್ಬನ್ನನ ಕಾಗದದ ಸಂತತಿಯೂ ಇನ್ನೂ ಇದೆ. 1959ರ ಕಾಯಿದೆಯ ವಿನಾಯಿತಿಯ ಕಲಮಿನ ಕೆಳಗೆ ಕೊಡವ ಜನಾಂಗದವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯ ಅಗತ್ಯವನ್ನು ಕೈಬಿಟ್ಟಿದ್ದಾರೆ. ಜಮ್ಮಾ ಹಿಡುವಳಿಯಲ್ಲಿ ಕೊಡವರಲ್ಲದ ಗೌಡ ಮೊದಲಾದವರೂ ಇರುವುದರಿಂದ ಅಪ್ಪಯ್ಯಗೌಡನ ಕಡೆಯವರಿಗೂ ಅದು ದಕ್ಕಿದೆ. ಸ್ವತಂತ್ರ ಭಾರತದಲ್ಲಿ ಜನಾಂಗವನ್ನು ನೋಡಿ ವಿನಾಯಿತಿ ಕೊಡುವುದು ಸರಿಯೇ ಎಂದು ಪ್ರಶ್ನಿಸಿ ಕರ್ನಾಟಕದ ಉಚ್ಚ ನ್ಯಾಯಾಲಯದ ಮುಂದೆ ಅರ್ಜಿ ಬಂದಿತ್ತು. 2021ರಲ್ಲಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಸ್ವಾತಂತ್ರ್ಯಪೂರ್ವದಿಂದ ನಡೆದುಬಂದ ಪದ್ಧತಿ, ಮೇಲಾಗಿ ಕಾಲಮಿತಿಗೂ ಷರತ್ತುಗಳಿಗೂ ಒಳಪಟ್ಟದ್ದು ಎಂಬುದು ಅದು ಕೊಟ್ಟ ಕಾರಣಗಳಲ್ಲಿ ಮುಖ್ಯವಾದದ್ದು. ಆ ಕಾಲಮಿತಿಯನ್ನು ಕೇಂದ್ರ ಸರ್ಕಾರ 2019ರ ಅಕ್ಟೋಬರಿನಲ್ಲಿ ಹತ್ತು ವರ್ಷವೆಂದು ಗೊತ್ತುಮಾಡಿದೆ. 2029ರಲ್ಲಿ ಅದು ಮುಗಿಯುತ್ತದೆ. ಆಗ ಹೊಸ ಪ್ರಕಟಣೆಯನ್ನು ಬರೆಯಲು ಕೂರುವ ಅಧಿಕಾರಿ 1861ರ ಮಾತುಗಳನ್ನು ಮತ್ತೆ ತಿರುವಿ ನೋಡಬೇಕಾಗುತ್ತದೆ. ನಿಷ್ಠೆ ಎಂಬ ಮಾತನ್ನು ಅವನು ಉಳಿಸಿಕೊಳ್ಳುವನೋ, ಕೈಲ್ ಮುಹೂರ್ತವನ್ನು ಬರೆಯುವನೋ, ಕಾದು ನೋಡಬೇಕು.